ಕೊರಳು

ಅವರ ಕಿವಿಯ ನಕ್ಷೆ ಬರೆದವಳು ನಾನೇ.
ಕೊಪ್ಪಳದ ದೊಡ್ಡಾಸ್ಪತ್ರೆ, ಫ್ಯಾನಿಲ್ಲದ ಕೋಣೆ,
ಗಾಜಿನಾಚೆ ಹೆಡ್‌ಫೋನು ಹಾಕಿ ಕೂತಿದ್ದರು
ದಾವಲಸಾಬರು, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ
ಮೂವತ್ತೊಂದು ವರ್ಷ ಹಲ್ಲರಿನ ಮಗ್ಗುಲಿಗೆ ನಿಂತವರು.
ಸದ್ದು ಕೇಳಿದಾಗ ಗುಂಡಿ ಒತ್ತಬೇಕು.
ದಪ್ಪ ಸದ್ದಿಗೆಲ್ಲ ಒತ್ತಿದರು.
ಸಣ್ಣ ಸದ್ದು ಶುರುವಾದದ್ದೇ ಗೆರೆ ಜಾರಿತು,
ಇಳಿದಿಳಿದು ಕಾಗದದ ತಳಕ್ಕೆ ಹೋಗಿ ಕೂತಿತು.
ಅವರು ಮಾತ್ರ ಹೆಬ್ಬೆರಳು ಗುಂಡಿಯ ಮೇಲಿಟ್ಟು
ಬರದ ಬಸ್ಸಿಗೆ ಕಾದಂತೆ ಕಾಯುತ್ತಿದ್ದರು.

ನಕ್ಷೆ ನೋಡಿ ಅವರು ಕೇಳಿದ್ದು ಇಷ್ಟೇ:
"ಅಂದ್ರ, ಹಕ್ಕಿ ಕಮ್ಮಿ ಆಗಿಲ್ಲೇನು?
ಆರು ವರ್ಸದಿಂದ ಬರಕೋತ ಬಂದೀನವ್ವಾ,
ಈ ಸಲ ಬರಲಿಲ್ಲ, ಈ ಸಲಾನೂ ಬರಲಿಲ್ಲ ಅಂತ."

ಹಾಗೆ ಶುರುವಾಯಿತು ನಮ್ಮ ಭಾನುವಾರ.
ಸಾಣಾಪುರದ ಕೆರೆ ದಾಟಿ ಬಂಡೆಗಳ ನಡುವೆ
ಅವರ ಲೂನಾ, ನನ್ನ ಬುತ್ತಿಯ ಡಬ್ಬಿ.
ಸರಕಾರ ಕೊಟ್ಟ ಕಿವಿಯ ಮಿಷನ್ನು ಅಂಗಿಯ ಕಿಸೆಯಲ್ಲಿ:
"ಹಾಕ್ಕೊಂಡ್ರ ಗಾಳೀನೂ ಗಿರಣಿ ಆಗತೈತಿ."
ನನ್ನ ಕಣ್ಣಿಗೆ ಎಲೆಯೆಲ್ಲ ಹಕ್ಕಿ, ಹಕ್ಕಿಯೆಲ್ಲ ಎಲೆ;
ಅವರಿಗೆ ನೂರು ಮಾರು ಆಚೆ
ಬಾಲ ಕುಣಿಸಿದ ಪರಿಯಲ್ಲೇ ಗುರುತು.
ಸೂರಕ್ಕಿ ಕೂಗಿತು ಎಂದು ನಾನಂದರೆ
ಹಳೆಯ ಪುಟ ತಿರುವಿ, 'ಬರಲಿಲ್ಲ' ಎಂಬುದರ ಪಕ್ಕ
ಸಣ್ಣಗೆ ಬರೆಯುತ್ತಿದ್ದರು: ಬಂದಿರಬೇಕು.

ಬೇಕಾಗಿದ್ದದ್ದು ಹಳದಿ ಕೊರಳಿನ ಪಿಕಳಾರ.
ಕಲ್ಲುಗುಡ್ಡ ಬಿಟ್ಟು ಕೆಳಗಿಳಿಯದ ಹಕ್ಕಿ,
ಗದ್ದೆಯ ಹಸಿರು ಅದಕ್ಕೆ ಸೇರದು.
ಅದರ ದಾಯಾದಿ, ಬಿಳಿಹುಬ್ಬಿನದು,
ಇದೇ ಕವಳಿ ಮೆಳೆಯಲ್ಲಿ, ಅಂಥದೇ ಮಾಸಿದ ಹಸಿರು ಅಂಗಿ,
ಬಾಲದ ಬುಡದಲ್ಲಿ ಅದೇ ಅರಿಸಿನ.
ಹೆಚ್ಚೂಕಡಿಮೆ ಎಲ್ಲ ಒಂದೇ,
ಕೊರಳೊಂದು ಬಿಟ್ಟು.

ಮಾಗಿಯ ಒಂದು ಬೆಳಗು. ಬಿಸಿಲು ಇನ್ನೂ ಕಲ್ಲಿಗೆ ಇಳಿದಿರಲಿಲ್ಲ.
ಬಂಡೆಯ ಸೀಳಿನಲ್ಲಿ ಬೇರಿಳಿಸಿದ ಕಲ್ಲತ್ತಿ, ಗೋಲಿಯಷ್ಟು ಹಣ್ಣು.
ನನಗೆ ಕೇಳಿತು:
ಗಡಿಗೆಯಿಂದ ನೀರು ಬಗ್ಗಿಸುವಾಗ
ಕೊನೆಯ ಗುಟುಕು ತಡೆತಡೆದು ಬೀಳುವಂಥ ಸದ್ದು,
ಆಮೇಲೆ ಎರಡು ಸಣ್ಣ ಸಿಳ್ಳೆ.
ಅವರ ತೋಳು ಹಿಡಿಯಹೋದೆ.
ಅವರು ಆಗಲೇ ನನ್ನ ತೋಳು ಹಿಡಿದಿದ್ದರು,
ಬೇರೆ ದಿಕ್ಕಿಗೆ ಮುಖ ಮಾಡಿ.
"ಹಳದಿ," ಅಂದರು ತುಟಿಯಲ್ಲೇ. "ಕಂಡ್ಯಾ? ಕೊಳ್ಳಾಗ..."
ನಾನು ಹೊರಳುವುದರೊಳಗೆ
ಅಲುಗುತ್ತಿತ್ತು ಒಂದು ಟೊಂಗೆ.

ಇಳಿದು ಬಂದು ಕೆರೆಯ ಏರಿಯ ಮೇಲೆ ಕೂತು
ಗಿರಣಿಯ ಹಳೇ ಲೆಕ್ಕದ ಪುಸ್ತಕ ತೆಗೆದರು.
ಆವಕ, ಜಾವಕ, ಶಿಲ್ಕು ಎಂದು ಅಚ್ಚಾದ ಕಾಲಮ್ಮುಗಳು.
ಆವಕದಲ್ಲಿ ತಾರೀಖು ಹಾಕಿ ಪೆನ್ನೆತ್ತಿದರು.
"ಹುಲಿಗೆಮ್ಮಾ, ನೀ ಕೇಳಿದ್ದು ಯಾ ಕಡಿಂದ?"
ಕಲ್ಲತ್ತಿಯಿಂದ, ಅಂದೆ.
"ನಾ ಕಂಡಿದ್ದು ಕವಳಿ ಮೆಳಿಯಾಗ."
ನಡುವೆ ಹತ್ತು ಮಾರು.
ಹಕ್ಕಿಯೊಂದು ದಾಟಲು ಅರೆ ಉಸಿರು ಸಾಕು.
ಹಕ್ಕಿ ಎರಡಿರಲಿಕ್ಕೂ ಅಷ್ಟು ಜಾಗ ಸಾಕು.

ಕೊರಳು ಕಂಡವರಿಗೆ ಕೊರಳು ಕೇಳಲಿಲ್ಲ.
ಕೇಳಿದವಳೋ, ನಾನು.
ಏನೂ ಬರೆಯದೆ ಬಹಳ ಹೊತ್ತು ಕೂತಿದ್ದು ಅಂದರು:
"ಹೆಂಗಿತ್ತು? ಒಮ್ಮಿ ಮಾಡಿ ತೋರಸು."
ಊದಿದೆ, ತೀರಾ ಕೆಟ್ಟದಾಗಿ, ಆದಷ್ಟೂ ದಪ್ಪಗೆ,
ಅವರ ಗೆರೆ ಇನ್ನೂ ಜಾರದ ಕಡೆಗೆ ಇಳಿಸಿ ಇಳಿಸಿ.
ಹಕ್ಕಿಯಂತೂ ಅದು ಅಲ್ಲ.
ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹುಡುಗ ನಕ್ಕುಬಿಟ್ಟ.
ದಾವಲಸಾಬರ ಹೆಬ್ಬೆರಳು
ಪುಸ್ತಕದ ಅಂಚನ್ನು ಒಮ್ಮೆ ಒತ್ತಿತು.